ಮನಸಾರೆ ಸ್ತುತಿಸುವುದು: ಬೆರಳು ಎಣಿಸಿ ಕಲಿಯುವ ಅಭ್ಯಾಸ

ಸಂಜೆಯ ಪ್ರಾರ್ಥನೆಗೆ ಕೂರುವ ಮುಂಚೆ ನನ್ನ ಅಜ್ಜಿ ಸೊಂಟದ ಬೀಗದ ಕೈ ಗೊಂಚಲು ತೆಗೆದು ಚಾಪೆಯ ಪಕ್ಕ ಇಡುತ್ತಿದ್ದರು. ಸೆರಗನ್ನು ತಲೆಮೇಲೆ ಎಳೆದುಕೊಂಡು, ಬಲಗೈಯ ಹೆಬ್ಬೆರಳನ್ನು ಕಿರುಬೆರಳಿನ ಬುಡದ ಗೆಣ್ಣಿಗೆ ತಾಗಿಸಿ ಶುರು ಮಾಡುವರು. “ಬಾವಿಯಲ್ಲಿ ಇವತ್ತೂ ನೀರು ಸಿಕ್ಕಿತು, ಸ್ತೋತ್ರ ಸ್ವಾಮೀ. ಕರು ಎದ್ದು ನಿಂತು ಹಾಲು ಕುಡಿಯಿತು, ಸ್ತೋತ್ರ. ಅಂಗಡಿಯವರು ಬಾಕಿ ಕೇಳಲಿಲ್ಲ, ಸ್ತೋತ್ರ. ಸಣ್ಣವಳಿಗೆ ಜ್ವರ ಇಳಿಯಿತು, ಸ್ತೋತ್ರ.” ಒಂದೊಂದಕ್ಕೆ ಒಂದೊಂದು ಗೆಣ್ಣು. ಕೆಲವು ದಿನ ಒಂದು ಕೈ ತುಂಬುತ್ತಿತ್ತು, ಕೆಲವು ದಿನ ಎರಡೇ ಗೆಣ್ಣಿಗೆ ನಿಲ್ಲುತ್ತಿತ್ತು. ನಿಂತಲ್ಲಿಗೆ ಸುಮ್ಮನಾಗಿ, ಆಮೇಲೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳಿಸುತ್ತಿದ್ದರು.

ಮಕ್ಕಳಾದ ನಮಗೆ ಅದು ಮನೆಯ ಲೆಕ್ಕ ಒಪ್ಪಿಸಿದ ಹಾಗೆ ಕೇಳುತ್ತಿತ್ತು. ದೊಡ್ಡವಳಾದ ಮೇಲೆ, ಎಷ್ಟೋ ಆರಾಧನೆಗಳಲ್ಲಿ ಬಾಯಿ ಹಾಡುತ್ತಿದ್ದಾಗ ಮನಸ್ಸು ಪೇಟೆಗೆ ಹೋಗಿ, ಆಫೀಸಿಗೆ ಹೋಗಿ, ಮಧ್ಯಾಹ್ನದ ಸಾರಿಗೆ ತೆಂಗಿನಕಾಯಿ ಇದೆಯೋ ಇಲ್ಲವೋ ನೋಡಿಕೊಂಡು ಬಂದದ್ದು ಕಂಡ ಮೇಲೆ, ಅಜ್ಜಿಯ ಲೆಕ್ಕದ ಬೆಲೆ ತಿಳಿಯಿತು. ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿ 9ನೆಯ ಕೀರ್ತನೆಯ ಮೊದಲ ವಚನ ‘ಮನಃಪೂರ್ವಕವಾಗಿ ಕೊಂಡಾಡುವೆನು’ ಎಂದು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ಅದೇ ಉಸಿರಿನಲ್ಲಿ, ದೇವರ ಅದ್ಭುತಕಾರ್ಯಗಳನ್ನೆಲ್ಲ ವರ್ಣಿಸುವೆನು ಅನ್ನುತ್ತದೆ. ಅಲ್ಲಿರುವ ಹೀಬ್ರೂ ಧಾತುವಿಗೆ ಎಣಿಸುವುದು, ಒಂದೊಂದಾಗಿ ಹೇಳುವುದು ಎಂಬ ಎರಡೂ ಅರ್ಥಗಳಿವೆ. ಕನ್ನಡದಲ್ಲೂ ಹಾಗೆಯೇ ಅಲ್ಲವೇ? ನಮ್ಮ ಕರಾವಳಿಯಲ್ಲಂತೂ ‘ಎಣಿಸುವುದು’ ಅಂದರೆ ಲೆಕ್ಕ ಮಾಡುವುದೂ ಹೌದು, ಮನಸ್ಸಿನಲ್ಲಿ ಯೋಚಿಸುವುದೂ ಹೌದು. ಎಣಿಸದೆ ಮಾಡಿದ ಸ್ತುತಿಯಲ್ಲಿ ನನ್ನ ಮನಸ್ಸು ಎಂದೂ ಪೂರ್ತಿ ಬಂದು ಕೂತದ್ದಿಲ್ಲ.

ಹಾಗಾಗಿ ಇಲ್ಲಿ ಬರೆಯುತ್ತಿರುವುದು ಎದೆ ಉಕ್ಕಿಸಿಕೊಳ್ಳುವ ಉಪಾಯಗಳನ್ನಲ್ಲ. ಎಣಿಸಿ ಹೇಳುವ ಅಭ್ಯಾಸವನ್ನು ಬೆಳಗ್ಗೆ, ಭಾನುವಾರ, ಅಡುಗೆಮನೆ, ಆಸ್ಪತ್ರೆ ಎಲ್ಲ ಕಡೆಗೂ ಒಯ್ಯುವುದು ಹೇಗೆ ಎಂಬುದನ್ನು. ನೀವು ಸಿಎಸ್ಐ ಎಂಬ ದಕ್ಷಿಣ ಭಾರತ ಸಭೆಯವರಿರಲಿ, ಕಥೋಲಿಕರಿರಲಿ, ಮೆಥಡಿಸ್ಟ್ ಅಥವಾ ಪೆಂತೆಕೋಸ್ತ್ ಸಭೆಯವರಿರಲಿ, ಇದನ್ನು ಮಾಡಬಹುದು.

ಮೊದಲು ‘ಯಾಕಂದರೆ’ ಕಲಿಯಿರಿ

ಒಂದು ವಾರ ಒಂದೇ ನಿಯಮ ಇಟ್ಟುಕೊಳ್ಳಿ. ‘ಸ್ತೋತ್ರ’ ಎಂಬ ಮಾತು ಬಾಯಿಗೆ ಬಂದಾಗೆಲ್ಲ ಅದರ ಜೊತೆ ಒಂದು ‘ಯಾಕಂದರೆ’ ಸೇರಿಸಿ. ನಮ್ಮ ಸಭೆಗಳಲ್ಲಿ ಸ್ತೋತ್ರ, ಹಲ್ಲೆಲೂಯಾ, ಆಮೆನ್ ಎಂಬ ಮಾತುಗಳು ಬಳಸಿ ಬಳಸಿ ನುಣುಪಾಗಿಬಿಟ್ಟಿವೆ. ಫೋನ್ ಎತ್ತಿದರೆ ಸ್ತೋತ್ರ, ಪ್ರಾರ್ಥನೆಯ ನಡುವೆ ಮುಂದಿನ ಮಾತು ಹೊಳೆಯದಿದ್ದರೆ ಸ್ತೋತ್ರ. ಆ ಪದದಲ್ಲಿ ತಪ್ಪೇನಿಲ್ಲ. ಅದರ ಹಿಂದೆ ಇರಬೇಕಾದ ಕಾರಣ ಬಿದ್ದುಹೋಗಿದೆ, ಅಷ್ಟೆ.

ಇದಕ್ಕೆ ಮಾದರಿ ಬೇಕಾದರೆ 117ನೆಯ ಕೀರ್ತನೆ ತೆರೆಯಿರಿ. 150 ಕೀರ್ತನೆಗಳಲ್ಲಿ ಅತಿ ಚಿಕ್ಕದು, ಎರಡೇ ವಚನ. ಮೊದಲನೆಯದು ಎಲ್ಲ ಜನಾಂಗಗಳನ್ನೂ ಸ್ತುತಿಗೆ ಕರೆಯುತ್ತದೆ, ಎರಡನೆಯದು ಯಾಕೆ ಎಂದು ಹೇಳುತ್ತದೆ. ನಮ್ಮ ಮೇಲಿನ ಆತನ ಪ್ರೀತಿ ದೊಡ್ಡದು, ಆತನ ಸತ್ಯತೆ ಎಂದೆಂದಿಗೂ ಇರುವಂಥದ್ದು ಎಂಬುದೇ ಆ ಕಾರಣ. ಕರೆ, ಕಾರಣ, ಕೊನೆಗೊಂದು ಹಲ್ಲೆಲೂಯಾ. ಇಷ್ಟೇ ಚೌಕಟ್ಟು. ನಿಮ್ಮದೇ ಎರಡು ಸಾಲು ಈ ಅಳತೆಗೆ ಕಟ್ಟಿ ನೋಡಿ: “ಕರ್ತನೇ, ನಿನ್ನನ್ನು ಕೊಂಡಾಡುತ್ತೇನೆ. ಯಾಕಂದರೆ ನಿನ್ನೆ ಮಗನ ಮೇಲೆ ರೇಗಿದ್ದ ನನ್ನನ್ನು ಇವತ್ತು ಬೆಳಗ್ಗೆ ಅವನು ಬಂದು ತಬ್ಬಿಕೊಳ್ಳುವ ಹಾಗೆ ಮಾಡಿದಿ.”

ಎರಡು ಬಗೆಯ ಕಾರಣಗಳಿವೆ, ಎರಡೂ ಬೇಕು. ದೇವರು ಏನು ಮಾಡಿದನು ಎಂಬುದು ಒಂದು, ದೇವರು ಎಂಥವನು ಎಂಬುದು ಇನ್ನೊಂದು. ಮೊದಲನೆಯದನ್ನೇ ಹಿಡಿದು ಕೂತರೆ, ಒಳ್ಳೆಯದು ನಡೆಯದ ದಿನ ಕೈ ಖಾಲಿಯಾಗುತ್ತದೆ. ಎರಡನೆಯದನ್ನೇ ಹಿಡಿದರೆ ಬೈಬಲಿನ ಮಾತನ್ನು ಗಿಣಿಪಾಠ ಒಪ್ಪಿಸಿದ ಹಾಗಾಗುತ್ತದೆ. 103ನೆಯ ಕೀರ್ತನೆ ಇವೆರಡನ್ನೂ ಹೆಣೆಯುತ್ತದೆ. ಅದು ಶುರುವಾಗುವುದೇ ‘ನನ್ನ ಮನವೇ’ ಎಂದು ತನ್ನನ್ನು ತಾನೇ ಕರೆದು, ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ ಎಂದು ಹೇಳಿಕೊಳ್ಳುವುದರಿಂದ. ದಾಸರ ಪದ ಕೇಳಿ ಬೆಳೆದ ಕನ್ನಡದ ಕಿವಿಗೆ ಮನಸ್ಸನ್ನೇ ಎದುರು ಕೂರಿಸಿ ಮಾತಾಡಿಸುವ ಈ ಧಾಟಿ ಹೊಸದಲ್ಲ. ಮನಸ್ಸು ತಾನಾಗಿ ಎದ್ದು ಬರಲಿ ಎಂದು ಕೀರ್ತನೆಗಾರ ಕಾಯುವುದಿಲ್ಲ. ಮಲಗಿದ ಮಗುವನ್ನು ತಟ್ಟಿ ಎಬ್ಬಿಸುವ ಹಾಗೆ ಎಬ್ಬಿಸುತ್ತಾನೆ.

ಬೆಳಗಿನ ಹತ್ತು ನಿಮಿಷ

ಹತ್ತೇ ನಿಮಿಷ ಸಾಕು, ಆದರೆ ಮೊಬೈಲ್ ನೋಡುವ ಮುಂಚಿನ ಹತ್ತು ನಿಮಿಷ ಆಗಿರಲಿ. ಸಾಧ್ಯವಾದರೆ ರಾತ್ರಿಯೇ ಅದನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ, ಅಲಾರಾಂಗೆ ಒಂದು ಗಡಿಯಾರ ಇಟ್ಟುಕೊಳ್ಳಿ. ಗ್ರೂಪಿನ ಮೆಸೇಜುಗಳು ಒಮ್ಮೆ ಕಣ್ಣಿಗೆ ಬಿದ್ದವು ಅಂದರೆ ಆ ಹೊತ್ತಿನ ಮನಸ್ಸು ಹೋಯಿತು.

ಮೊದಲ ನಿಮಿಷ ಸುಮ್ಮನೆ ಕೂತಿರಿ. ಆಮೇಲೆ ಒಂದು ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಮನೆಯವರು ಮಲಗಿದ್ದರೆ ಪಿಸುದನಿಯಲ್ಲಾದರೂ ಸರಿ, ತುಟಿ ಅಲುಗಬೇಕು. ಕಣ್ಣಿನಲ್ಲಿ ಓದುವುದಕ್ಕೂ ಬಾಯಲ್ಲಿ ಓದುವುದಕ್ಕೂ ಬಹಳ ವ್ಯತ್ಯಾಸವಿದೆ. ಓದಿದ್ದರಲ್ಲಿ ಒಂದು ಸಾಲು ಆರಿಸಿ, ಅದಕ್ಕೆ ನಿನ್ನೆಯ ನಿಮ್ಮ ದಿನದಿಂದ ಒಂದು ಸಂಗತಿಯನ್ನು ಜೋಡಿಸಿ ಹೇಳಿ. ನಂತರ ಬೆರಳು ಎಣಿಸಿ: ಮೂರು ಗೆಣ್ಣಿಗೆ ಮೂರು ಕಾರಣ. ಮುಗಿಯಿತು. ಬೇಡಿಕೆಗಳನ್ನು ಈ ಹತ್ತು ನಿಮಿಷದೊಳಕ್ಕೆ ತರಬೇಡಿ. ಅವುಗಳಿಗೆ ದಿನವಿಡೀ ಬಾಗಿಲು ತೆರೆದಿದೆ.

ಯಾವ ಕೀರ್ತನೆ? ಬೆನೆಡಿಕ್ಟ್ ಸನ್ಯಾಸಿಗಳ ನಿಯಮದಲ್ಲಿ 150ನ್ನೂ ಒಂದು ವಾರದಲ್ಲಿ ಹಾಡಿ ಮುಗಿಸುವ ಕ್ರಮವಿದೆ. ಆಂಗ್ಲಿಕನ್ ಪ್ರಾರ್ಥನಾ ಪುಸ್ತಕ ಅವನ್ನು ಬೆಳಗ್ಗೆ ಸಂಜೆಗೆ ಹಂಚಿ 30 ದಿನಕ್ಕೆ ಇಟ್ಟಿದೆ. ಮನೆ, ಮಕ್ಕಳು, ಬಸ್ಸು ಇರುವ ನಮಗೆ ದಿನಕ್ಕೊಂದು ಧಾರಾಳ. ಐದು ತಿಂಗಳಲ್ಲಿ ಒಂದು ಸುತ್ತು ಆಗುತ್ತದೆ. ಹೊಸಬರು ನೇರವಾಗಿ ಒಂದರಿಂದ ಶುರು ಮಾಡುವ ಬದಲು 117, 103, 136, 145, 13, 150 ಈ ಆರನ್ನು ಎರಡು ವಾರ ತಿರುಗಿಸಿ ತಿರುಗಿಸಿ ಓದಿ, ಆಮೇಲೆ ಮೊದಲಿನಿಂದ ಹೊರಡಿ ಎಂದು ನನ್ನ ಸಲಹೆ. ಉದ್ದವೆಂದು ಹೆದರಿಸುವ 119ಕ್ಕೆ 176 ವಚನಗಳಿವೆ. ಅದು ಎಂಟೆಂಟು ವಚನಗಳ 22 ಭಾಗಗಳಾಗಿದೆ, ದಿನಕ್ಕೊಂದು ಭಾಗ ಓದಿದರೆ ಸಾಕು.

ನಿಮ್ಮ ಮನೆಮಾತಿನಲ್ಲಿ ಹೇಳಿ

ನಮ್ಮ ಹಳೆಯ ಬೈಬಲ್ ಕನ್ನಡ ಗಂಭೀರವಾದದ್ದು, ನನಗೆ ಅದರ ಮೇಲೆ ಬಹಳ ಪ್ರೀತಿ. ‘ಕೊಂಡಾಡು’, ‘ಸನ್ನುತಿಸು’, ‘ಘನಪಡಿಸು’ ಎಂಬ ಮಾತುಗಳಿಗೆ ಒಂದು ತೂಕವಿದೆ. ಆದರೆ ಪ್ರಾರ್ಥನೆಗೆ ನಿಂತ ಕೂಡಲೇ ದಿನವಿಡೀ ಆಡುವ ಭಾಷೆಯನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರುವವರನ್ನು ಬಹಳ ನೋಡಿದ್ದೇನೆ. ಪುಸ್ತಕದ ಮಾತಿನಲ್ಲಿ ಹೇಳುವಾಗ ನಮ್ಮ ಬದುಕಿನ ಸಣ್ಣ ಸಂಗತಿಗಳು ಅಲ್ಲಿ ಹಿಡಿಸುವುದಿಲ್ಲ. ಗ್ಯಾಸ್ ಸಿಲಿಂಡರ್ ಸರಿಯಾದ ಹೊತ್ತಿಗೆ ಬಂದದ್ದನ್ನು ‘ಸನ್ನುತಿಸುತ್ತೇನೆ’ ಎಂದು ಹೇಳಲು ನಾಲಿಗೆ ಹಿಂಜರಿಯುತ್ತದೆ. ಆಗ ಆ ಸಂಗತಿಯನ್ನೇ ಬಿಟ್ಟುಬಿಡುತ್ತೇವೆ. ಸ್ತುತಿ ತೆಳ್ಳಗಾಗುವುದು ಅಲ್ಲಿಂದ.

ಮನೆಯಲ್ಲಿ ತುಳು ಆಡುವವರು ತುಳುವಿನಲ್ಲಿ ಹೇಳಿ. ಕೊಂಕಣಿ, ಲಂಬಾಣಿ, ಉರ್ದು, ತಮಿಳು, ಧಾರವಾಡದ ಕನ್ನಡ, ಕೋಲಾರದ ಕನ್ನಡ, ಯಾವುದಾದರೂ ಸರಿ. ಇದು ಈಗಿನ ಸಡಿಲಿಕೆಯಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಸುವಾರ್ತೆಯನ್ನು ಊರಿನ ಮಾತಿಗೆ ತರಲು ಪಟ್ಟ ಪಾಡು ಸಣ್ಣದಲ್ಲ. ನಿಘಂಟಿನಿಂದ ನಮಗೆಲ್ಲ ಪರಿಚಯವಾದ ಫರ್ಡಿನಾಂಡ್ ಕಿಟೆಲ್ 1862ರಲ್ಲಿಯೇ ಕ್ರಿಸ್ತನ ಚರಿತ್ರೆಯನ್ನು ಈ ನೆಲದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದರು. ಅವರ ನಿಘಂಟು ಬಂದದ್ದು ಅದಾಗಿ 32 ವರ್ಷದ ಮೇಲೆ, 1894ರಲ್ಲಿ. ಕಥೋಲಿಕ ಸಭೆಯಲ್ಲಿ ಲ್ಯಾಟಿನ್ ಪೂಜೆಯ ಜಾಗದಲ್ಲಿ ಕನ್ನಡ ಕೇಳಿಬಂದದ್ದು 1962–65ರ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ. ನಮ್ಮ ನಾಲಿಗೆಯಲ್ಲಿ ಹಾಡಲಿ ಎಂದು ಇಷ್ಟೆಲ್ಲ ದಾರಿ ಸವೆದಿರುವಾಗ, ಎರವಲು ಮಾತಿನಲ್ಲಿ ಸ್ತುತಿಸಿ ಮುಗಿಸುವುದು ನನಗೆ ನೋವು ಕೊಡುತ್ತದೆ.

ವಿದೇಶದಲ್ಲಿರುವ ಕನ್ನಡ ಕುಟುಂಬಗಳಿಗೆ ಈ ಮಾತು ಇನ್ನೂ ಹತ್ತಿರದ್ದು. ಅಲ್ಲಿನ ಸಭೆಯಲ್ಲಿ ಇಂಗ್ಲಿಷ್ ಹಾಡು ಇರಲಿ, ಮನೆಯ ಮೂರು ಗೆಣ್ಣು ಮಾತ್ರ ನೀವು ನಿಮ್ಮ ಅಮ್ಮನ ಹತ್ತಿರ ಆಡುವ ಮಾತಿನಲ್ಲಿಯೇ ಇರಲಿ.

ಭಾನುವಾರ ಶುರುವಾಗುವುದು ಶನಿವಾರ ರಾತ್ರಿ

ಶನಿವಾರ ರಾತ್ರಿ ಮಲಗುವ ಮೊದಲು ಆ ವಾರದ ಒಂದೇ ಒಂದು ಕಾರಣವನ್ನು ಗೊತ್ತು ಮಾಡಿಕೊಳ್ಳಿ. ನಾಳೆ ದೇವಾಲಯಕ್ಕೆ ಕಾಣಿಕೆಯ ಜೊತೆ ಇದನ್ನೂ ಒಯ್ಯುತ್ತೇನೆ ಎಂದು. ಬಟ್ಟೆ ಇಸ್ತ್ರಿ ಮಾಡಿಡುವ ಹಾಗೆ ಇದೂ ಒಂದು ತಯಾರಿ.

ಆರಾಧನೆಗೆ ಹತ್ತು ನಿಮಿಷ ಮುಂಚೆ ಹೋಗಿ ಕೂರಿ. ಹಲಗೆಯ ಮೇಲೆ ಹಾಡುಗಳ ಸಂಖ್ಯೆ ಹಾಕಿರುತ್ತಾರೆ. ಮೊದಲ ಹಾಡನ್ನು ತೆಗೆದು, ರಾಗ ಬಿಟ್ಟು, ಬರೀ ಮಾತಾಗಿ ಓದಿ. ಇದನ್ನು ಮಾಡಿದ ಮೊದಲ ಭಾನುವಾರ ನನಗೆ ಆಶ್ಚರ್ಯವಾಗಿತ್ತು. ಚಿಕ್ಕಂದಿನಿಂದ ಬಾಯಿಪಾಠ ಬರುತ್ತಿದ್ದ ಹಾಡಿನ ಮೂರನೆಯ ಚರಣದ ಅರ್ಥ ನನಗೆ ಅದುವರೆಗೆ ಗೊತ್ತೇ ಇರಲಿಲ್ಲ. ರಾಗ ಅಷ್ಟು ಸಲೀಸಾಗಿ ದಾಟಿಸಿಬಿಡುತ್ತಿತ್ತು. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೆಯ ಅಧ್ಯಾಯದಲ್ಲಿ ಆತ್ಮದಿಂದಲೂ ಹಾಡುತ್ತೇನೆ, ಬುದ್ಧಿಯಿಂದಲೂ ಹಾಡುತ್ತೇನೆ ಅನ್ನುತ್ತಾನೆ. ಬುದ್ಧಿಯ ಪಾಲು ಈ ಹತ್ತು ನಿಮಿಷದಲ್ಲಿದೆ.

ಹಾಡುವಾಗ ಪೂರ್ತಿ ಹಾಡಿನುದ್ದಕ್ಕೂ ಮನಸ್ಸನ್ನು ಹಿಡಿದಿಡಲು ಹೆಣಗಬೇಡಿ. ಅದು ಯಾರಿಗೂ ಆಗುವುದಿಲ್ಲ. ಒಂದು ಸಾಲನ್ನು ‘ನನ್ನದು’ ಎಂದು ಆರಿಸಿಕೊಳ್ಳಿ, ಆ ಸಾಲು ಬಂದಾಗ ಶನಿವಾರದ ಕಾರಣವನ್ನು ಅದರೊಳಗೆ ಇಟ್ಟು ಹಾಡಿ. ಮನಸ್ಸು ಅಲೆದದ್ದು ಗೊತ್ತಾದರೆ ಬೈದುಕೊಳ್ಳದೆ ಮುಂದಿನ ಸಾಲಿಗೆ ಕರೆದುಕೊಂಡು ಬನ್ನಿ.

ಇನ್ನು ಮೈಯ ವಿಷಯ. ಬೈಬಲಿನ ಸ್ತುತಿ ಬರೀ ತಲೆಯೊಳಗಿನ ಕೆಲಸ ಅಲ್ಲ. ಕೀರ್ತನೆಗಳಲ್ಲಿ ಕೈ ಎತ್ತುವುದು, ಚಪ್ಪಾಳೆ ತಟ್ಟುವುದು, ಅಡ್ಡಬೀಳುವುದು, ಕುಣಿಯುವುದು, ಸುಮ್ಮನಿರುವುದು ಎಲ್ಲವೂ ಇದೆ. ಮೊಣಕಾಲೂರುವ ಸಭೆಯವರಾದರೆ ಆ ಊರುವುದನ್ನು ಅವಸರವಿಲ್ಲದೆ ಮಾಡಿ. ಕೈ ಎತ್ತುವ ಸಭೆಯಾದರೆ, ಎತ್ತಿದ ಕೈ ಯಾರ ಮುಂದೆ ಎತ್ತಿದ್ದು ಎಂದು ಒಂದು ಕ್ಷಣ ನೆನೆಯಿರಿ. ಪಕ್ಕದವರು ಎಷ್ಟು ಜೋರಾಗಿ ಹಾಡುತ್ತಾರೆ, ಯಾರು ಕಣ್ಣೀರು ಹಾಕುತ್ತಾರೆ ಎಂದು ಅಳೆಯಬೇಡಿ. ದೇವರ ಒಡಂಬಡಿಕೆಯ ಮಂಜೂಷದ ಮುಂದೆ ಅರಸ ದಾವೀದನು ತನ್ನ ಬಲವೆಲ್ಲ ಹಾಕಿ ಕುಣಿಯುವುದನ್ನು ಅವನ ಹೆಂಡತಿ ಮೀಕಲಳು ಕಿಟಕಿಯಿಂದ ನೋಡಿ ಮನಸ್ಸಿನಲ್ಲಿ ತಿರಸ್ಕರಿಸಿದಳು (2 ಸಮುವೇಲ 6). ಹಾಗೆಯೇ, ಸದ್ದಿಲ್ಲದೆ ಕೂತವರನ್ನು ‘ಆತ್ಮ ಇಲ್ಲದವರು’ ಅನ್ನುವುದೂ ಕಿಟಕಿಯಲ್ಲಿ ನಿಂತು ನೋಡುವುದೇ. ಮಗುವಿಗಾಗಿ ಮೊರೆಯಿಟ್ಟ ಹನ್ನಳ ಪ್ರಾರ್ಥನೆಯಲ್ಲಿ ತುಟಿ ಮಾತ್ರ ಅಲುಗುತ್ತಿತ್ತು, ಅವಳಿಗೆ ಅಮಲೇರಿದೆ ಎಂದು ಯಾಜಕನೇ ತಪ್ಪು ತಿಳಿದನು.

ಹಾಡು ನಡೆಸುವವರಿಗೆ ಇಲ್ಲೇ ನಾಲ್ಕು ಮಾತು ಹೇಳಬೇಕು, ಯಾಕಂದರೆ ಜನ ಮನಸಾರೆ ಹಾಡುವುದೂ ಹಾಡದಿರುವುದೂ ಬಹಳ ಮಟ್ಟಿಗೆ ನಿಮ್ಮ ಕೈಯಲ್ಲಿದೆ. ಶ್ರುತಿಯನ್ನು ನಿಮ್ಮ ಗಂಟಲಿಗಲ್ಲ, ಹಿಂದಿನ ಬೆಂಚಿನ ಎಪ್ಪತ್ತು ವರ್ಷದವರ ಗಂಟಲಿಗೆ ಹೊಂದಿಸಿ. ಒಂದು ಭಾನುವಾರಕ್ಕೆ ಒಂದು ಹೊಸ ಹಾಡು ಸಾಕು, ಅದನ್ನೂ ಮುಂದಿನ ಮೂರು ವಾರ ಬಿಡದೆ ಹಾಡಿಸಿ. ಸ್ಪೀಕರ್ ಜನರ ದನಿಯನ್ನು ಮುಚ್ಚುವಷ್ಟು ಜೋರಾಗಿದ್ದರೆ ತಗ್ಗಿಸಿ. ತನ್ನ ದನಿ ತನಗೇ ಕೇಳದ ಮನುಷ್ಯ ಹಾಡುವುದನ್ನು ಬಿಟ್ಟುಬಿಡುತ್ತಾನೆ. ಓದು ಬಾರದವರು ನಿಮ್ಮ ಸಭೆಯಲ್ಲಿ ಇದ್ದರೆ ಪಲ್ಲವಿ ಇರುವ, ನೀವು ಹೇಳಿ ಅವರು ತಿರುಗಿ ಹೇಳುವ ಹಾಡುಗಳನ್ನು ಆರಿಸಿ. ಹಾರ್ಮೋನಿಯಂ, ತಬಲಾದ ಜೊತೆ ನಮ್ಮ ಹಳ್ಳಿಯ ಸಭೆಗಳು ಹಾಡುತ್ತ ಬಂದ ಆ ಪದ್ಧತಿಯನ್ನು ಪರದೆ, ಪ್ರೊಜೆಕ್ಟರ್ ಬಂದವೆಂದು ಕೈಬಿಟ್ಟರೆ ಪಲ್ಲವಿಯಷ್ಟೇ ಗೊತ್ತಿರುವ ಹಿರಿಯರು ಸುಮ್ಮನೆ ನಿಲ್ಲಬೇಕಾಗುತ್ತದೆ. ಹಾಡು ಮುಗಿದ ಕೂಡಲೇ ಮೈಕಿನಲ್ಲಿ ಮಾತು ತುಂಬಬೇಡಿ. ಹತ್ತು ಉಸಿರಿನಷ್ಟು ಮೌನ ಬಿಡಿ.

ಮನಸ್ಸು ಬಾರದ ದಿನ

ಅಪ್ಪ ಆಸ್ಪತ್ರೆಯಲ್ಲಿದ್ದಾಗ ಐಸಿಯು ಹೊರಗಿನ ಸ್ಟೀಲ್ ಕುರ್ಚಿಯಲ್ಲಿ ಕೂತಿದ್ದೆ. ರಾತ್ರಿ ಎರಡು ಗಂಟೆ ಇರಬೇಕು. ನೋಡಲು ಬಂದಿದ್ದವರೊಬ್ಬರು ಸಂಜೆ ಹೋಗುವಾಗ “ಸ್ತೋತ್ರ ಹೇಳುತ್ತಾ ಇರಿ, ಎಲ್ಲ ಸರಿಹೋಗುತ್ತದೆ” ಎಂದು ಹೇಳಿ ಹೋಗಿದ್ದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ನನಗೆ ಬಾಯಿ ಬರಲಿಲ್ಲ. ಹೆಬ್ಬೆರಳು ಕಿರುಬೆರಳ ಬುಡದಲ್ಲಿಯೇ ನಿಂತುಬಿಟ್ಟಿತ್ತು, ಎಣಿಸಲು ಒಂದೂ ಇರಲಿಲ್ಲ. 13ನೆಯ ಕೀರ್ತನೆ ತೆರೆದೆ.

ಅದು ಆರೇ ವಚನ. ಮೊದಲ ಎರಡು ವಚನಗಳಲ್ಲಿ ‘ಎಷ್ಟರವರೆಗೆ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ನನ್ನನ್ನು ಮರೆತುಬಿಟ್ಟೆಯಾ ಎಂದು ಕೀರ್ತನೆಗಾರ ದೇವರನ್ನು ಮುಖಕ್ಕೇ ಕೇಳುತ್ತಾನೆ. ಮುಂದಿನ ಎರಡರಲ್ಲಿ ಬೇಡಿಕೆ: ನೋಡು, ಉತ್ತರ ಕೊಡು, ನನ್ನ ಕಣ್ಣಿಗೆ ಬೆಳಕು ಕೊಡು. ಕೊನೆಯ ಎರಡರಲ್ಲಿ ಮಾತ್ರ ಭರವಸೆ, ಹಾಡು. ಆ ರಾತ್ರಿ ನಾನು ಕೊನೆಯ ಎರಡನ್ನು ಓದಲಿಲ್ಲ. ನಾಲ್ಕನೆಯ ವಚನಕ್ಕೆ ಪುಸ್ತಕ ಮುಚ್ಚಿದೆ. ಮರುರಾತ್ರಿಯೂ ಅಷ್ಟೇ. ಐದನೆಯ ವಚನವನ್ನು ಗಟ್ಟಿಯಾಗಿ ಓದುವ ಹೊತ್ತಿಗೆ ಅಪ್ಪನನ್ನು ಮಣ್ಣು ಮಾಡಿ ಮೂರು ವಾರ ದಾಟಿತ್ತು.

ಆದ್ದರಿಂದ ಈ ಹಂತದಲ್ಲಿ ನಾನು ಹೇಳುವುದು ಇಷ್ಟೇ. ಬಾರದ ಸಂತೋಷವನ್ನು ನಟಿಸಬೇಡಿ. ಮನಃಪೂರ್ವಕ ಅಂದರೆ ಇಡೀ ಮನಸ್ಸು, ಅದರಲ್ಲಿ ಮುರಿದ ಭಾಗವೂ ಸೇರಿದೆ. ಕೀರ್ತನೆಗಳ ಪುಸ್ತಕಕ್ಕೆ ಹೀಬ್ರೂವಿನಲ್ಲಿ ‘ತೆಹಿಲ್ಲೀಮ್’ ಎಂದು ಹೆಸರು, ಸ್ತುತಿಗಳು ಎಂದರ್ಥ. ಆ ಹೆಸರಿನ ಪುಸ್ತಕದಲ್ಲಿ ಸುಮಾರು ಮೂರರಲ್ಲೊಂದು ಪಾಲು ಗೋಳು, ದೂರು. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ, ಒಂದು ಸಮಾಧಾನದ ಸಾಲೂ ಇಲ್ಲ. ಅದನ್ನು ತೆಗೆದುಹಾಕದೆ ಸ್ತುತಿಗಳ ಸಾಲಿನಲ್ಲೇ ಇಟ್ಟುಕೊಂಡು ಬಂದವರಿಗೆ ನಾನು ಋಣಿ.

ಮಾಡಬೇಕಾದ್ದು ಹೀಗೆ. ಮೊದಲು ದೂರನ್ನು ಹೆಸರು ಹಿಡಿದು ಹೇಳಿ, ‘ಕಷ್ಟ’ ಎಂದು ಒಟ್ಟಾರೆಯಾಗಿ ಅಲ್ಲ. ಆಮೇಲೆ ಏನು ಬೇಕೋ ಕೇಳಿ. ಆಮೇಲೆ, ಆದರೆ ಮಾತ್ರ, ದೇವರು ಎಂಥವನು ಎಂಬುದರಲ್ಲಿ ನಿಮಗಿನ್ನೂ ನಂಬಿಕೆ ಉಳಿದಿರುವ ಒಂದು ಮಾತನ್ನು ಹೇಳಿ. ಆಗದಿದ್ದರೆ ಅಲ್ಲಿಗೇ ನಿಲ್ಲಿಸಿ, ನಾಳೆ ಮತ್ತೆ ಬನ್ನಿ. ನಿಮ್ಮ ಬದಲು ಸಭೆ ಹಾಡಲಿ, ನೀವು ನಡುವೆ ಕೂತಿರಿ. ಫಿಲಿಪ್ಪಿಯ ಸೆರೆಮನೆಯಲ್ಲಿ ಪೌಲನೂ ಸೀಲನೂ ನಡುರಾತ್ರಿಯಲ್ಲಿ ಹಾಡಿದ್ದನ್ನು ನಾವು ಬಹಳ ಹೇಳುತ್ತೇವೆ. ಬೆನ್ನಿನ ಮೇಲೆ ಪೆಟ್ಟಿನ ಗಾಯ, ಕಾಲಿಗೆ ಕೋಳ. ಆದರೆ ಅವರು ಇಬ್ಬರಿದ್ದರು, ಅದನ್ನು ಮರೆಯುತ್ತೇವೆ. ಇಬ್ರಿಯರಿಗೆ ಬರೆದ ಪತ್ರದ 13ನೆಯ ಅಧ್ಯಾಯ ಸ್ತೋತ್ರವನ್ನು ಯಜ್ಞ ಎಂದು ಕರೆಯುತ್ತದೆ. ಯಜ್ಞದಲ್ಲಿ ಏನಾದರೊಂದು ಕೊಡಬೇಕಾಗುತ್ತದೆ. ಅದನ್ನು ಇನ್ನೊಬ್ಬರ ಕೈಯಿಂದ ಬಲವಂತವಾಗಿ ಕೊಡಿಸಲು ಬರುವುದಿಲ್ಲ. ದುಃಖದ ಮನೆಗೆ ಹೋದಾಗ “ಸ್ತೋತ್ರ ಹೇಳಿ” ಅನ್ನದೆ ಪಕ್ಕದಲ್ಲಿ ಕೂತು 13ನ್ನು ನಿಧಾನವಾಗಿ ಓದಿ. ನಾಲ್ಕನೆಯ ವಚನಕ್ಕೆ ಅವರು ಕೈ ಹಿಡಿದರೆ ನಿಲ್ಲಿಸಿ.

ಒಂದು ಎಚ್ಚರಿಕೆ. ವಾರಗಟ್ಟಲೆ ನಿದ್ರೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನಿಸುತ್ತಿದೆ ಅಂದರೆ ಅದನ್ನು ನಂಬಿಕೆಯ ಕೊರತೆ ಎಂದು ತಿಳಿಯಬೇಡಿ. ತಡಮಾಡದೆ ವೈದ್ಯರ ಹತ್ತಿರ ಹೋಗಿ, ಮನೆಯವರಲ್ಲಿ ಒಬ್ಬರಿಗೆ ಹೇಳಿ. ಔಷಧಿ ತೆಗೆದುಕೊಂಡು ಕೀರ್ತನೆ ಓದುವುದರಲ್ಲಿ ಯಾವ ವಿರೋಧವೂ ಇಲ್ಲ.

ಕೆಲಸ ಮುಗಿದಲ್ಲಿ ಒಮ್ಮೆ ತಿರುಗಿ ಬನ್ನಿ

ಲೂಕನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿ ಯೇಸು ಗುಣಪಡಿಸಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಒಬ್ಬನೇ ಕೃತಜ್ಞತೆ ಹೇಳಲು ತಿರುಗಿ ಬಂದನು, ಅವನೂ ಅನ್ಯನೆನಿಸಿಕೊಂಡ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಕೆಟ್ಟವರೆಂದು ಅಲ್ಲಿ ಬರೆದಿಲ್ಲ. ಯೇಸು ಹೇಳಿದ ಹಾಗೆಯೇ ಅವರು ಯಾಜಕರ ಹತ್ತಿರ ಹೋಗುತ್ತಿದ್ದರು. ಗುಣವಾದದ್ದೇ ತಡ, ಮುಂದಿನ ಕೆಲಸಗಳು ಎಳೆದುಕೊಂಡಿರಬೇಕು. ನಮ್ಮ ದಿನವೂ ಹಾಗೇ ಹೋಗುತ್ತದೆ. ಬೇಡಿಕೊಂಡದ್ದು ಸಿಕ್ಕಿದ ಕ್ಷಣವೇ ಮುಂದಿನ ಬೇಡಿಕೆ ಹುಟ್ಟಿರುತ್ತದೆ.

ಆದ್ದರಿಂದ ದಿನದಲ್ಲಿ ಎರಡು ‘ತಿರುವು’ಗಳನ್ನು ಗೊತ್ತು ಮಾಡಿಕೊಳ್ಳಿ. ಹೊಸ ಸಮಯ ಹುಡುಕಬೇಡಿ, ಇರುವ ಕೆಲಸದ ತುದಿಗೆ ಕಟ್ಟಿ. ಒಲೆ ಆರಿಸುವಾಗ, ಅಂಗಡಿಯ ಶಟರ್ ಎಳೆಯುವಾಗ, ಬಸ್ಸಿನಿಂದ ಇಳಿದ ಮೇಲೆ ಮನೆಯವರೆಗಿನ ನಡಿಗೆಯಲ್ಲಿ. ಅಲ್ಲಿ ನಿಂತು, ಈಗ ತಾನೆ ಮುಗಿದದ್ದನ್ನು ಒಮ್ಮೆ ತಿರುಗಿ ನೋಡಿ ಒಂದು ಮಾತು ಹೇಳಿ. ದಾನಿಯೇಲನು ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದನು. ನಮಗೆ ಎರಡರಿಂದ ಶುರುವಾಗಲಿ.

ಆ ಮಾತು ದೇವರ ಹತ್ತಿರ ಮಾತ್ರ ಉಳಿಯದಿರಲಿ. ಕಸ ಒಯ್ಯಲು ಬರುವವರಿಗೆ, ಹಾಲು ಹಾಕುವ ಹುಡುಗನಿಗೆ, ದೇವಾಲಯದ ಗಂಟೆ ಹೊಡೆದು ಬೆಂಚು ಒರೆಸುವವರಿಗೆ ಹೆಸರು ಹಿಡಿದು ಕೃತಜ್ಞತೆ ಹೇಳಿ. ಪ್ರವಾದಿ ಆಮೋಸನ ಪುಸ್ತಕದ 5ನೆಯ ಅಧ್ಯಾಯದಲ್ಲಿ ದೇವರು ನಿಮ್ಮ ಹಾಡುಗಳ ಗದ್ದಲವನ್ನು ತೊಲಗಿಸಿರಿ, ನ್ಯಾಯವು ಹೊಳೆಯಂತೆ ಹರಿಯಲಿ ಅನ್ನುತ್ತಾನೆ. ತುಟಿಯಿಂದ ಮಾನ, ಹೃದಯ ದೂರ ಎಂದು ಯೆಶಾಯನ ಬಾಯಲ್ಲಿ ಬಂದ ಮಾತನ್ನು ಯೇಸು ಮತ್ತೆ ಎತ್ತಿ ಹೇಳಿದನು. ಮನೆಗೆಲಸದವರ ಸಂಬಳ ತಡೆದಿಟ್ಟುಕೊಂಡು ಭಾನುವಾರ ಎದೆ ತುಂಬಿ ಹಾಡಲು ಆಗುವುದಿಲ್ಲ. ಹಾಡಿದರೂ ಅದು ಮೇಲಕ್ಕೆ ಹೋಗುವುದೆಂದು ನಾನು ನಂಬುವುದಿಲ್ಲ. ಕೊಡಬೇಕಾದ್ದನ್ನು ಕೊಟ್ಟು, ಕ್ಷಮೆ ಕೇಳಬೇಕಾದವರಲ್ಲಿ ಕೇಳಿ ಬನ್ನಿ.

ಮನೆಯವರೆಲ್ಲ ಕೂತಾಗ

ಕುಟುಂಬ ಪ್ರಾರ್ಥನೆಯಲ್ಲಿ ಮಕ್ಕಳಿಗೆ ಬೇಸರ ಬರುವುದು ದೊಡ್ಡವರ ಉದ್ದನೆಯ ಪ್ರಾರ್ಥನೆಯಿಂದ. ಹದಿನೈದು ನಿಮಿಷ ಮೀರಬೇಡಿ. 136ನೆಯ ಕೀರ್ತನೆಯ ಮಾದರಿ ಮಕ್ಕಳಿಗೆ ತುಂಬ ಹಿಡಿಸುತ್ತದೆ. ಅದರಲ್ಲಿ 26 ವಚನ, ಪ್ರತಿಯೊಂದರ ಕೊನೆಗೂ ಆತನ ಕೃಪೆ ಶಾಶ್ವತ ಎಂಬ ಒಂದೇ ಪಲ್ಲವಿ. ಆಕಾಶ, ಸೂರ್ಯಚಂದ್ರ, ಕೆಂಪು ಸಮುದ್ರ, ಅರಸರು ಎಂದೆಲ್ಲ ದೊಡ್ಡ ದೊಡ್ಡದನ್ನು ಎಣಿಸಿ ಬಂದು, ಕೊನೆಗೆ ಎಲ್ಲ ಜೀವಿಗಳಿಗೂ ಆಹಾರ ಕೊಡುವವನು ಎಂದು ಊಟದ ತಟ್ಟೆಗೆ ಇಳಿಯುತ್ತದೆ.

ಹಾಗೆಯೇ ಸುತ್ತಲೂ ಕೂತು ಒಬ್ಬೊಬ್ಬರು ಒಂದೊಂದು ಸಂಗತಿ ಹೇಳಿ, ಉಳಿದವರೆಲ್ಲ ಪಲ್ಲವಿ ಹೇಳಲಿ. “ಇವತ್ತು ಪಿ.ಟಿ. ಕ್ಲಾಸ್ ಇತ್ತು.” “ಆತನ ಕೃಪೆ ಶಾಶ್ವತ.” “ಅಜ್ಜನ ಕಣ್ಣಿನ ಆಪರೇಷನ್ ಆಯಿತು.” “ಆತನ ಕೃಪೆ ಶಾಶ್ವತ.” ಮಗು ಹೇಳಿದ್ದನ್ನು ತಿದ್ದಬೇಡಿ, ಅದರ ಮೇಲೆ ಪ್ರಸಂಗ ಮಾಡಬೇಡಿ. ಹದಿಹರೆಯದವರು ಸುಮ್ಮನಿದ್ದರೆ ಸುಮ್ಮನಿರಲು ಬಿಡಿ, ಪಲ್ಲವಿಗೆ ಸೇರಿದರೂ ಸಾಕು.

ಬರೆದಿಡಿ

ಒಂದು ಸಾದಾ ನೋಟ್‌ಪುಸ್ತಕ ಸಾಕು. ತಾರೀಕು, ಒಂದು ಸಾಲು. ‘ಒಳ್ಳೆಯ ದಿನ’ ಎಂದು ಬರೆಯಬೇಡಿ, ಏನಾಯಿತು ಬರೆಯಿರಿ. ಅದನ್ನು ತೆರೆದು ಓದುವ ದಿನಗಳನ್ನೂ ಗೊತ್ತು ಮಾಡಿಕೊಳ್ಳಿ: ಡಿಸೆಂಬರ್ 31ರ ರಾತ್ರಿ ಆರಾಧನೆಗೆ ಹೊರಡುವ ಮುಂಚೆ, ಮತ್ತೆ ನಿಮ್ಮ ಸಭೆಯ ಬೆಳೆ ಹಬ್ಬದ ಹಿಂದಿನ ದಿನ. ಮಂಗಳೂರು ಕಡೆಯ ಕಥೋಲಿಕರಾದರೆ ಸೆಪ್ಟೆಂಬರ್ 8ರ ತೆನೆ ಹಬ್ಬ, ಹೊಸ ಅಕ್ಕಿಯ ಊಟದ ದಿನ.

ಬೆಳೆ ಹಬ್ಬದ ಹೆಸರು ಬಂದದ್ದರಿಂದ ಒಂದು ಮಾತು. ನಮ್ಮಲ್ಲಿ ಸೌತೆಕಾಯಿ, ತೆಂಗಿನಕಾಯಿ, ಬಾಳೆಗೊನೆ, ಕೋಳಿ ತಂದು ಮುಂದೆ ಇಡುತ್ತಾರೆ, ಆರಾಧನೆಯ ನಂತರ ಏಲಂ ಆಗುತ್ತದೆ. ಇಡುವಾಗ ಮಾತ್ರ ಯಾರೂ ಏನೂ ಹೇಳುವುದಿಲ್ಲ. ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಲ್ಲಿ ಹಾಗಿಲ್ಲ. ಪ್ರಥಮ ಫಲದ ಬುಟ್ಟಿ ತಂದವನು ಬಾಯಿಬಿಟ್ಟು ಕಥೆ ಹೇಳಬೇಕು: ನನ್ನ ಪೂರ್ವಜ ಅಲೆಮಾರಿಯಾಗಿದ್ದನು, ಐಗುಪ್ತದಲ್ಲಿ ನಮ್ಮನ್ನು ಹಿಂಸಿಸಿದರು, ಕೂಗಿದೆವು, ಕೇಳಿದನು, ಇಲ್ಲಿಗೆ ತಂದನು, ಇಗೋ ಈ ನೆಲದ ಬೆಳೆ. ಬುಟ್ಟಿಯ ಜೊತೆ ಎಣಿಕೆ. ಈ ವರ್ಷ ನಿಮ್ಮ ಬುಟ್ಟಿಯಲ್ಲಿ ನೋಟ್‌ಪುಸ್ತಕದಿಂದ ಹರಿದ ಒಂದು ಚೀಟಿ ಇಟ್ಟು ನೋಡಿ. ಸಂಬಳದ ಮನೆಯವರು ಕಾಣಿಕೆಯ ಕವರಿನೊಳಗೆ ಇಡಬಹುದು.

ಬರೆಯುವುದು ತಪ್ಪಿದ ದಿನಗಳನ್ನು ಆಮೇಲೆ ನೆನಪಿನಿಂದ ತುಂಬಿಸಲು ಹೋಗಬೇಡಿ. ಖಾಲಿ ಇದ್ದರೆ ಖಾಲಿಯೇ ಇರಲಿ, ಇವತ್ತಿನ ತಾರೀಕು ಹಾಕಿ ಮುಂದುವರಿಸಿ. ನನ್ನ ಪುಸ್ತಕದಲ್ಲಿ ಅಪ್ಪ ತೀರಿಕೊಂಡ ಮೇಲಿನ ಇಪ್ಪತ್ತನಾಲ್ಕು ದಿನ ಏನೂ ಇಲ್ಲ. ಇಪ್ಪತ್ತೈದನೆಯ ದಿನದ ಎದುರು ಹೀಗಿದೆ: “ಅಮ್ಮ ಎರಡು ಸೌಟು ಗಂಜಿ ಉಂಡರು. ಉಪ್ಪಿನಕಾಯಿ ಕೇಳಿದರು.”